ಮೋಡೆಮ್ ಬದಲಿಸಿದರೆ ಅಂತರ್ಜಾಲದ ವೇಗ ಹೆಚ್ಚುವುದೇ? ಖರ್ಚಿಗೆ ಮುನ್ನ ಅಳತೆ ಅಗತ್ಯ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದಲ್ಲಿ ಮನೆ ಬೇರೆ, ವ್ಯಾಪಾರ ಬೇರೆ ಎಂಬ ವಿಂಗಡಣೆ ಹಲವರ ಪಾಲಿಗೆ ಇಲ್ಲ. ಮನೆಯ ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ವಿದ್ಯುತ್ ಮಗ್ಗಗಳು, ಮೇಲಿನ ಕೋಣೆಯಲ್ಲಿ ಲೆಕ್ಕಪತ್ರದ ಗಣಕಯಂತ್ರ ಇರುವ ಕುಟುಂಬಗಳು ಅನೇಕ. ಇಂತಹ ಮನೆಗಳಿಗೆ ಪಡೆದಿರುವ ಅಂತರ್ಜಾಲ ಸಂಪರ್ಕವು ಮಕ್ಕಳ ಪಾಠಕ್ಕೂ ಬೇಕು, ವ್ಯವಹಾರಕ್ಕೂ ಬೇಕು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ ತೆರಿಗೆ ವಿವರಗಳೆಲ್ಲವೂ ಅಂತರ್ಜಾಲದ ಮೂಲಕವೇ ಸಲ್ಲಿಕೆಯಾಗುತ್ತಿವೆ. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ದಿಮೆಗಳಿಗೆ ಇ-ಇನ್‌ವಾಯ್ಸ್ ಕೂಡ ಅನಿವಾರ್ಯವಾಗಿದೆ. ಬೆಲ್ಲದ ಲಾರಿ ತುಂಬಿ ನಿಂತಿರುವಾಗ ಸಂಪರ್ಕ ಕೈಕೊಟ್ಟರೆ ಆಗುವ ನಷ್ಟವನ್ನು ಅಡತಿ ವ್ಯಾಪಾರಿಗಳಿಗೆ ವಿವರಿಸಿ ಹೇಳಬೇಕಾಗಿಲ್ಲ.

ಸಂಪರ್ಕ ನಿಧಾನವಾದಾಗ ಸಾಮಾನ್ಯವಾಗಿ ದೊರೆಯುವ ಮೊದಲ ಸಲಹೆ ಒಂದೇ: “ಮೋಡೆಮ್ ಹಳೆಯದಾಗಿದೆ, ಹೊಸದನ್ನು ಹಾಕಿಸಿ.” ಈ ಸಲಹೆ ಕೆಲವೊಮ್ಮೆ ಸರಿಯಾಗಿರುತ್ತದೆ. ಹಲವು ಬಾರಿ ಹಣ ಖರ್ಚಾಗಿ, ವೇಗ ಮಾತ್ರ ಇದ್ದಲ್ಲಿಯೇ ಉಳಿಯುತ್ತದೆ. ಯಾವ ಸಂದರ್ಭದಲ್ಲಿ ಮೋಡೆಮ್ ಬದಲಾವಣೆಯಿಂದ ಪ್ರಯೋಜನವಿದೆ, ಯಾವ ಸಂದರ್ಭದಲ್ಲಿ ಇಲ್ಲ ಎಂಬುದನ್ನು ಅರ್ಧ ಗಂಟೆಯ ಪರೀಕ್ಷೆಯಿಂದ ಬಹುಮಟ್ಟಿಗೆ ತಿಳಿಯಬಹುದಾಗಿದೆ. ಅದಕ್ಕೆ ತಂತ್ರಜ್ಞರ ನೆರವೂ ಬೇಕಾಗಿಲ್ಲ.

ನೀರಿನ ಲೆಕ್ಕ, ಅಂತರ್ಜಾಲದ ಲೆಕ್ಕ

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಹೆಸರನ್ನು ಕೇಳದ ರೈತರು ಈ ಭಾಗದಲ್ಲಿಲ್ಲ. ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಕೃಷ್ಣಾ ತೀರದ ರೈತರು ಸರ್ಕಾರದ ಹಣಕ್ಕೆ ಕಾಯದೆ, ತಮ್ಮದೇ ವಂತಿಗೆ ಮತ್ತು ಶ್ರಮದಿಂದ 1989ರಲ್ಲಿ ಅಲ್ಲಿ ಬ್ಯಾರೇಜು ಕಟ್ಟಿದರು. ‘ಶ್ರಮಬಿಂದು ಸಾಗರ’ ಎಂದು ಹೆಸರಾದ ಈ ಬ್ಯಾರೇಜಿನಲ್ಲಿ ನಿಂತ ನೀರು ಸುತ್ತಲಿನ ಕಬ್ಬಿನ ಹೊಲಗಳಿಗೆ ಆಸರೆಯಾಯಿತು.

ನದಿಯಲ್ಲಿ ನೀರು ನಿಂತ ಮಾತ್ರಕ್ಕೆ ಹೊಲದ ಕೊನೆಯ ಸಾಲು ತೊಯ್ಯುವುದಿಲ್ಲ. ಪಂಪ್‌ಸೆಟ್ಟು ನೀರೆತ್ತಬೇಕು, ಪೈಪ್‌ಲೈನು ಅದನ್ನು ಸಾಗಿಸಬೇಕು, ಕಾಲುವೆ ಹೊಲದೊಳಗೆ ಹಂಚಬೇಕು. ಮೂರು ಇಂಚಿನ ಪೈಪ್‌ಲೈನಿಗೆ ಹೆಚ್ಚು ಅಶ್ವಶಕ್ತಿಯ ಪಂಪು ಜೋಡಿಸಿದರೆ ಕರೆಂಟು ಹೆಚ್ಚು ಖರ್ಚಾಗುತ್ತದೆಯೇ ಹೊರತು ಆ ಪ್ರಮಾಣದಲ್ಲಿ ನೀರು ಹೆಚ್ಚುವುದಿಲ್ಲ. ಪೈಪು ದೊಡ್ಡದಿದ್ದು ಪಂಪು ಸಣ್ಣದಾಗಿದ್ದರೆ ಪಂಪನ್ನು ಬದಲಿಸುವುದೇ ಸರಿಯಾದ ಕ್ರಮ. ನದಿಯಲ್ಲೇ ನೀರಿಲ್ಲದಿದ್ದರೆ ಎರಡನ್ನೂ ಬದಲಿಸಿ ಫಲವಿಲ್ಲ. ಅನುಭವಿ ರೈತರು ಮೊದಲು ನೀರು ಎಲ್ಲಿ ಕಡಿಮೆಯಾಗುತ್ತಿದೆ ಎಂದು ನೋಡುತ್ತಾರೆ. ಹಣ ಹಾಕುವುದು ಆ ಬಳಿಕ.

ಅಂತರ್ಜಾಲದ ಲೆಕ್ಕವೂ ಇದೇ. ಸೇವಾ ಸಂಸ್ಥೆಯ ಕೇಂದ್ರ, ಅಲ್ಲಿಂದ ಮನೆಯವರೆಗಿನ ತಂತಿ, ಮೋಡೆಮ್, ಮನೆಯೊಳಗಿನ ವೈಫೈ, ಕೊನೆಗೆ ಗಣಕಯಂತ್ರ ಅಥವಾ ಮೊಬೈಲು: ಇವು ಒಂದರ ಹಿಂದೊಂದು ಜೋಡಿಸಿದ ಪೈಪುಗಳಿದ್ದಂತೆ. ಇವುಗಳಲ್ಲಿ ಯಾವುದು ಅತ್ಯಂತ ಕಿರಿದಾಗಿದೆಯೋ ಅದರ ವೇಗವೇ ಬಳಕೆದಾರನಿಗೆ ಸಿಗುವ ವೇಗ. ಮೋಡೆಮ್ ಈ ಸಾಲಿನ ಒಂದು ಕೊಂಡಿ ಮಾತ್ರ. ಅದೇ ಕಿರಿದಾಗಿದ್ದರೆ ಬದಲಾವಣೆಯಿಂದ ಲಾಭವಿದೆ. ಕಿರಿದಾದುದು ಬೇರೆಡೆ ಇದ್ದರೆ ಹೊಸ ಮೋಡೆಮ್ ಬಂದರೂ ವೇಗ ಬದಲಾಗದು.

ಮೋಡೆಮ್ ಮತ್ತು ರೌಟರ್

ಹಲವರು ಮೋಡೆಮ್ ಮತ್ತು ರೌಟರ್ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತಾರೆ. ಇವುಗಳ ಕೆಲಸ ಬೇರೆ ಬೇರೆ. ಹೊರಗಿನಿಂದ ಬರುವ ತಂತಿಯ ಸಂಕೇತವನ್ನು ಗಣಕಯಂತ್ರಕ್ಕೆ ಅರ್ಥವಾಗುವಂತೆ ಪರಿವರ್ತಿಸುವುದು ಮೋಡೆಮ್. ಫೈಬರ್ ಸಂಪರ್ಕದಲ್ಲಿ ಇದೇ ಕೆಲಸವನ್ನು ಮಾಡುವ ಪೆಟ್ಟಿಗೆಗೆ ಓಎನ್‌ಟಿ ಎಂಬ ಹೆಸರಿದೆ. ಒಳಬಂದ ಸಂಪರ್ಕವನ್ನು ಮನೆಯ ಹಲವು ಉಪಕರಣಗಳಿಗೆ ಹಂಚುವುದು ರೌಟರ್. ಈಗ ದೊರೆಯುವ ಅನೇಕ ಪೆಟ್ಟಿಗೆಗಳಲ್ಲಿ ಎರಡೂ ಒಂದೇ ಕವಚದೊಳಗೆ ಇರುವುದರಿಂದ ಗೊಂದಲ ಹೆಚ್ಚಿದೆ. “ಮೋಡೆಮ್ ಸರಿಯಿಲ್ಲ” ಎನ್ನುವ ದೂರುಗಳಲ್ಲಿ ಎಷ್ಟೋ ಬಾರಿ ಮೋಡೆಮ್ ಭಾಗ ಸರಿಯಾಗಿಯೇ ಇದ್ದು, ಹಂಚುವ ವೈಫೈ ಭಾಗ ಮಾತ್ರ ದುರ್ಬಲವಾಗಿರುತ್ತದೆ. ಅಂತಹ ಸಂದರ್ಭದಲ್ಲಿ ಕೊಳ್ಳಬೇಕಾದುದು ಬೇರೆಯೇ ವಸ್ತು.

ವೇಗದ ಅಪೇಕ್ಷೆ ಬೆಳೆದ ಬಗೆಯನ್ನೂ ಗಮನಿಸಬೇಕು. ದೂರವಾಣಿ ತಂತಿಯ ಮೂಲಕ ಡಯಲ್ ಮಾಡಿ ಸಂಪರ್ಕ ಪಡೆಯುತ್ತಿದ್ದ ಕಾಲದಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್ ಮಾತ್ರ. 2004ರ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ನೀತಿಯು 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. ಮರುವರ್ಷ ಬಿಎಸ್‌ಎನ್‌ಎಲ್ ‘ಡಾಟಾಒನ್’ ಹೆಸರಿನಲ್ಲಿ ದೂರವಾಣಿ ತಂತಿಯ ಮೇಲೆಯೇ ಬ್ರಾಡ್‌ಬ್ಯಾಂಡ್ ಸೇವೆ ನೀಡತೊಡಗಿತು. ಈ ಕನಿಷ್ಠ ಮಿತಿಯು 2013ರಲ್ಲಿ 512 ಕಿಲೋಬಿಟ್‌ಗೂ, 2023ರಲ್ಲಿ 2 ಎಂಬಿಪಿಎಸ್‌ಗೂ ಏರಿತು. ಒಂದು ಕಾಲಕ್ಕೆ ಧಾರಾಳವೆನಿಸಿದ್ದ ಉಪಕರಣ ಇಂದು ಕಿರಿದಾಗಿರುವ ಸಾಧ್ಯತೆ ಇದೆ. ಆದರೆ ಉಪಕರಣ ಹಳೆಯದು ಎಂಬುದಷ್ಟೇ ಬದಲಾವಣೆಗೆ ಕಾರಣವಾಗಬಾರದು.

ತಂತಿಯ ಬಗೆಗೆ ತಕ್ಕ ಉತ್ತರ

ಮೋಡೆಮ್ ಬದಲಾವಣೆಯಿಂದ ಆಗುವ ಲಾಭವು ಮನೆಗೆ ಬಂದಿರುವ ತಂತಿ ಯಾವುದು ಎಂಬುದನ್ನು ಅವಲಂಬಿಸಿದೆ.

ತಾಮ್ರದ ದೂರವಾಣಿ ತಂತಿ: ಇಲ್ಲಿ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ದೂರವಾಣಿ ವಿನಿಮಯ ಕೇಂದ್ರದಿಂದ ಮನೆಗಿರುವ ತಂತಿಯ ಉದ್ದ. ಎಡಿಎಸ್‌ಎಲ್-2 ಪ್ಲಸ್ ತಂತ್ರಜ್ಞಾನದಲ್ಲಿ ಗರಿಷ್ಠ ವೇಗ 24 ಎಂಬಿಪಿಎಸ್ ಎಂದಿದ್ದರೂ ಅದು ಕೇಂದ್ರಕ್ಕೆ ತೀರಾ ಸಮೀಪದಲ್ಲಿರುವವರಿಗೆ ಮಾತ್ರ ದಕ್ಕುವಂಥದು. ತಂತಿ ಉದ್ದವಾದಂತೆ ವೇಗ ಕುಸಿಯುತ್ತದೆ. ಐದು ಕಿಲೋಮೀಟರಿನ ಹತ್ತಿರ ಬಂದಾಗ ಒಂದೆರಡು ಎಂಬಿಪಿಎಸ್ ಉಳಿದರೆ ಅದೇ ಹೆಚ್ಚು. ಮಳೆಗಾಲದಲ್ಲಿ ಜೋಡಣೆಗಳಿಗೆ ನೀರಿಳಿದರೆ ಇನ್ನೂ ಇಳಿಕೆಯಾಗುತ್ತದೆ. ಮೊದಲ ಪೀಳಿಗೆಯ ಎಡಿಎಸ್‌ಎಲ್ ಮೋಡೆಮ್‌ಗಳ ಮಿತಿ ಸುಮಾರು 8 ಎಂಬಿಪಿಎಸ್. ಕೇಂದ್ರದ ಸಮೀಪವಿದ್ದು, ಅದಕ್ಕಿಂತ ಹೆಚ್ಚಿನ ವೇಗದ ಯೋಜನೆ ಪಡೆದವರಿಗೆ ಮಾತ್ರ ಹೊಸ ಮೋಡೆಮ್‌ನಿಂದ ಲಾಭವಿದೆ. ಉಳಿದವರು ಮೋಡೆಮ್‌ಗೆ ಹಣ ಹಾಕುವ ಬದಲು ಬೀದಿಗೆ ಫೈಬರ್ ಬಂದಿದೆಯೇ ಎಂದು ವಿಚಾರಿಸುವುದು ಲೇಸು.

ಟಿವಿ ಕೇಬಲ್: ಬೆಂಗಳೂರಿನಂತಹ ನಗರಗಳಲ್ಲಿ ಟಿವಿ ಕೇಬಲ್ಲಿನ ಮೂಲಕವೇ ಅಂತರ್ಜಾಲ ಪಡೆದ ಮನೆಗಳಿವೆ. ಈ ಭಾಗದ ವರ್ತಕರ ಮಕ್ಕಳು, ಬಂಧುಗಳು ಅಲ್ಲಿ ನೆಲೆಸಿರುವುದರಿಂದ ಈ ವಿಷಯವೂ ಪ್ರಸ್ತುತ. ಕೇಬಲ್ ಮೋಡೆಮ್‌ಗಳು ಡಾಕ್ಸಿಸ್ ಎಂಬ ಮಾನಕವನ್ನು ಅನುಸರಿಸುತ್ತವೆ. ಡಾಕ್ಸಿಸ್ 2.0 ಮೋಡೆಮ್ ಒಂದು ಸಮಯಕ್ಕೆ ಒಂದೇ ಚಾನೆಲ್ಲಿನಿಂದ ಮಾಹಿತಿ ಪಡೆಯಬಲ್ಲದು. ಚಾನೆಲ್ಲಿನ ಅಗಲಕ್ಕೆ ತಕ್ಕಂತೆ ಅದರ ಒಟ್ಟು ಸಾಮರ್ಥ್ಯ ಸುಮಾರು 38ರಿಂದ 50 ಎಂಬಿಪಿಎಸ್. ಅದನ್ನೂ ಅದೇ ಬಡಾವಣೆಯ ಹಲವು ಮನೆಗಳು ಹಂಚಿಕೊಳ್ಳಬೇಕು. 2006ರಲ್ಲಿ ರೂಪುಗೊಂಡ ಡಾಕ್ಸಿಸ್ 3.0 ಮಾನಕವು ನಾಲ್ಕು, ಎಂಟು ಅಥವಾ ಅದಕ್ಕೂ ಹೆಚ್ಚು ಚಾನೆಲ್ಲುಗಳನ್ನು ಒಟ್ಟುಗೂಡಿಸುತ್ತದೆ. 2013ರ ಡಾಕ್ಸಿಸ್ 3.1 ಇನ್ನೂ ಮುಂದಿನ ಹೆಜ್ಜೆ.

ಹೀಗಾಗಿ 100 ಎಂಬಿಪಿಎಸ್ ಯೋಜನೆಗೆ ಹಣ ತೆರುತ್ತಾ ಡಾಕ್ಸಿಸ್ 2.0 ಮೋಡೆಮ್ ಇಟ್ಟುಕೊಂಡವರು ಅದನ್ನು ಬದಲಿಸಲೇಬೇಕು. 20 ಎಂಬಿಪಿಎಸ್ ಯೋಜನೆಯಲ್ಲಿ 20 ಎಂಬಿಪಿಎಸ್ ಪೂರ್ತಿಯಾಗಿ ಬರುತ್ತಿದ್ದರೆ ಬದಲಾವಣೆಯಿಂದ ಏನೂ ಸಿಗದು. ಹಗಲಿನಲ್ಲಿ ಸರಿಯಾಗಿದ್ದು ರಾತ್ರಿ ಎಂಟರಿಂದ ಹತ್ತರವರೆಗೆ ಕುಸಿಯುತ್ತಿದ್ದರೆ ಅದು ಬಡಾವಣೆಯ ದಟ್ಟಣೆ. ಸೇವಾ ಸಂಸ್ಥೆಯು ಹಲವು ಚಾನೆಲ್ಲುಗಳನ್ನು ನಡೆಸುತ್ತಿದ್ದರೆ ಹೊಸ ಮೋಡೆಮ್ ಅವುಗಳ ನಡುವೆ ಹಂಚಿಕೊಂಡು ಸ್ವಲ್ಪ ಉಪಶಮನ ನೀಡಬಹುದು. ಇಲ್ಲದಿದ್ದರೆ ಸಂಸ್ಥೆಯೇ ಸಾಮರ್ಥ್ಯ ಹೆಚ್ಚಿಸಬೇಕು. ಮೋಡೆಮ್‌ಗೆ ಬರುವ ಕೇಬಲ್ಲಿನ ನಡುವೆ ಟಿವಿಗಳಿಗಾಗಿ ಸ್ಪ್ಲಿಟರ್‌ಗಳನ್ನು ಹಾಕಿದ್ದರೆ ಅವನ್ನೂ ಪರಿಶೀಲಿಸಬೇಕು. ಎರಡು ದಾರಿಯ ಒಂದು ಸ್ಪ್ಲಿಟರ್ ಸಂಕೇತದ ಶಕ್ತಿಯನ್ನು ಅರ್ಧಕ್ಕೂ ತುಸು ಕೆಳಗೆ ಇಳಿಸುತ್ತದೆ.

ಫೈಬರ್: ಫೈಬರ್ ಸಂಪರ್ಕಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಎಳೆಯ ಸಾಮರ್ಥ್ಯ ಕೆಳಮುಖವಾಗಿ ಸುಮಾರು 2.5 ಗಿಗಾಬಿಟ್. ಅದನ್ನು ಸಾಮಾನ್ಯವಾಗಿ 32 ಅಥವಾ 64 ಸಂಪರ್ಕಗಳವರೆಗೆ ಹಂಚಲಾಗುತ್ತದೆ. ಸಣ್ಣ ಉದ್ಯಮಗಳು ಪಡೆಯುವ ಯೋಜನೆಗಳಿಗೆ ಫೈಬರ್ ಎಳೆ ಕಿರಿದಾಗುವ ಸಂಭವ ಕಡಿಮೆ. ಕಿರಿದಾಗುವುದು ಬೇರೆ ಎರಡು ಕಡೆ.

ಮೊದಲನೆಯದು ಓಎನ್‌ಟಿಯ ಕಿಂಡಿ. ಅಗ್ಗದ ಹಾಗೂ ಹಳೆಯ ಮಾದರಿಗಳಲ್ಲಿ ಲ್ಯಾನ್ ಕಿಂಡಿಯ ಮಿತಿ 100 ಎಂಬಿಪಿಎಸ್. 200 ಎಂಬಿಪಿಎಸ್ ಯೋಜನೆ ಪಡೆದರೂ ಅಳತೆಯಲ್ಲಿ 94ರ ಆಸುಪಾಸಿನಲ್ಲೇ ನಿಂತುಬಿಟ್ಟರೆ 100ರ ಕಿಂಡಿಯೇ ಕಾರಣವೆಂದು ಬಹುತೇಕ ನಿಶ್ಚಯಿಸಬಹುದು. ಕಿಂಡಿಯು ಓಎನ್‌ಟಿಯದಾಗಿರಬಹುದು, ಗಣಕಯಂತ್ರದ್ದಾಗಿರಬಹುದು, ಅಥವಾ ನಡುವಿನ ಲ್ಯಾನ್ ತಂತಿಯ ಎಂಟು ಎಳೆಗಳಲ್ಲಿ ಒಂದೆರಡು ತುಂಡಾಗಿರಬಹುದು. ಎರಡನೆಯದು ವೈಫೈ. 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಬಳಸುವ ಪೆಟ್ಟಿಗೆಗಳು ದೂರಕ್ಕೆ ತಲುಪಿದರೂ ಹೆಚ್ಚಿನ ವೇಗ ಕೊಡಲಾರವು. ಅಕ್ಕಪಕ್ಕದ ಮನೆಗಳ ವೈಫೈಗಳೂ ಅದೇ ತರಂಗದಲ್ಲಿ ಸೆಣಸುತ್ತವೆ. 5 ಗಿಗಾಹರ್ಟ್ಸ್ ತರಂಗದಲ್ಲಿ ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ.

ಫೈಬರಿನ ಇನ್ನೊಂದು ಸಮಸ್ಯೆ ಬೆಳಕಿನ ಶಕ್ತಿಯ ಕುಸಿತ. ಓಎನ್‌ಟಿಯ ಒಳಪುಟದಲ್ಲಿ ಇದು ಡಿಬಿಎಂ ಎಂಬ ಅಳತೆಯಲ್ಲಿ ಕಾಣುತ್ತದೆ. ಅದು ಮೈನಸ್ 27ಕ್ಕಿಂತ ಕೆಳಗಿಳಿದರೆ ಸಂಪರ್ಕ ಅಸ್ಥಿರವಾಗುತ್ತದೆ. ಎಳೆಯನ್ನು ಬಾಗಿಲ ಸಂದಿಯಲ್ಲಿ ಮಡಚಿ ಒಯ್ದಿರುವುದು, ಮೊಳೆ ಹೊಡೆದು ಬಿಗಿದಿರುವುದು, ಜೋಡಣೆಯಲ್ಲಿ ಧೂಳು ಸೇರಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಓಎನ್‌ಟಿಯ ಮೇಲೆ ಕೆಂಪು ದೀಪ ಮಿನುಗುತ್ತಿದ್ದರೆ ಹೊಸ ಪೆಟ್ಟಿಗೆ ಕೊಳ್ಳುವ ಬದಲು ತಂತಿ ದುರಸ್ತಿಗೆ ದೂರು ನೀಡಬೇಕು.

ತೋಟದ ಮನೆಗಳ ನಿಸ್ತಂತು ಸಂಪರ್ಕ: ಫೈಬರ್ ತಲುಪದ ಹೊಲದ ಮನೆ, ಗಾಣದ ಮನೆಗಳಲ್ಲಿ 4ಜಿ ಅಥವಾ 5ಜಿ ರೌಟರ್ ಬಳಕೆಯಲ್ಲಿದೆ. ಇಲ್ಲಿ ಪೆಟ್ಟಿಗೆಯ ಬೆಲೆಗಿಂತ ಅದನ್ನು ಇಡುವ ಜಾಗ ಮುಖ್ಯ. ತಗಡಿನ ಚಾವಣಿಯಡಿಯಿಂದ ತೆಗೆದು ಗೋಪುರದ ದಿಕ್ಕಿನ ಕಿಟಕಿಯಲ್ಲಿಟ್ಟ ಮಾತ್ರಕ್ಕೆ ವೇಗ ಗಮನಾರ್ಹವಾಗಿ ಏರಬಹುದು. ಜಾಗ ಬದಲಿಸಿ ನೋಡಲು ಖರ್ಚಿಲ್ಲ.

ಅರ್ಧ ಗಂಟೆಯ ಪರೀಕ್ಷೆ

ಖರೀದಿಗೆ ಮುನ್ನ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಒಳ್ಳೆಯದು.

ಮೊದಲಿಗೆ, ಪಡೆದಿರುವ ಯೋಜನೆಯ ವೇಗವೆಷ್ಟು ಎಂಬುದನ್ನು ಬಿಲ್ಲಿನಲ್ಲಿ ನೋಡಬೇಕು. ನಿಗದಿತ ಪ್ರಮಾಣದ ಬಳಕೆಯ ನಂತರ ವೇಗ ಇಳಿಸುವ ಷರತ್ತು ಅನೇಕ ಯೋಜನೆಗಳಲ್ಲಿದೆ. ತಿಂಗಳ ಮೊದಲ ವಾರ ಚೆನ್ನಾಗಿದ್ದು ಕೊನೆಯ ವಾರ ನಿಧಾನವಾಗುವುದಾದರೆ ಕಾರಣ ಈ ಷರತ್ತಿನಲ್ಲೇ ಇರಬಹುದು.

ಎರಡನೆಯದಾಗಿ, ಬಿಟ್ ಮತ್ತು ಬೈಟ್ ಲೆಕ್ಕವನ್ನು ಸರಿಯಾಗಿ ತಿಳಿಯಬೇಕು. ಯೋಜನೆಯ ವೇಗವನ್ನು ಮೆಗಾಬಿಟ್‌ನಲ್ಲಿ ಹೇಳಲಾಗುತ್ತದೆ; ಕಡತ ಇಳಿಸಿಕೊಳ್ಳುವಾಗ ಗಣಕಯಂತ್ರ ಬಹುತೇಕ ಮೆಗಾಬೈಟ್‌ನಲ್ಲಿ ತೋರಿಸುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ 40 ಎಂಬಿಪಿಎಸ್ ಯೋಜನೆಯಲ್ಲಿ ಸೆಕೆಂಡಿಗೆ 5 ಮೆಗಾಬೈಟ್ ಬಂದರೆ ಅದು ಪೂರ್ಣ ವೇಗ. ಅದನ್ನು ಮೋಸವೆಂದು ಭಾವಿಸುವ ಅಗತ್ಯವಿಲ್ಲ.

ಮೂರನೆಯದಾಗಿ, ವೈಫೈ ಬದಿಗಿಟ್ಟು, ಗಣಕಯಂತ್ರವನ್ನು ಲ್ಯಾನ್ ತಂತಿಯ ಮೂಲಕ ನೇರವಾಗಿ ಮೋಡೆಮ್‌ಗೆ ಜೋಡಿಸಿ, ಉಳಿದ ಉಪಕರಣಗಳನ್ನು ಬಿಡಿಸಿ ವೇಗ ಅಳೆಯಬೇಕು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಬಾರಿ, ಮೂರು ದಿನ ಅಳೆದು ಚೀಟಿಯಲ್ಲಿ ಬರೆದಿಡಬೇಕು. ಕೆಳಮುಖ ವೇಗದ ಜೊತೆಗೆ ಮೇಲ್ಮುಖ ವೇಗವನ್ನೂ ಗುರುತಿಸಬೇಕು. ಸೀರೆಯ ವಿನ್ಯಾಸದ ಚಿತ್ರಗಳನ್ನು ಖರೀದಿದಾರರಿಗೆ ಕಳಿಸುವ ನೇಕಾರ ಉದ್ದಿಮೆದಾರರಿಗೆ ಮೇಲ್ಮುಖ ವೇಗವೇ ಹೆಚ್ಚು ಮುಖ್ಯ.

ನಾಲ್ಕನೆಯದಾಗಿ, ಅದೇ ಪರೀಕ್ಷೆಯನ್ನು ವೈಫೈ ಮೂಲಕ ಎರಡು ಕಡೆ ಮಾಡಬೇಕು: ಮೋಡೆಮ್ ಇರುವ ಕೋಣೆಯಲ್ಲಿ ಒಮ್ಮೆ, ದಿನನಿತ್ಯ ಕೆಲಸ ಮಾಡುವ ಜಾಗದಲ್ಲಿ ಇನ್ನೊಮ್ಮೆ.

ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಿರಿದಾದ ಭಾಗ ತಾನಾಗಿಯೇ ಗೋಚರಿಸುತ್ತದೆ. ಉದಾಹರಣೆಗೆ, ಯೋಜನೆ 60 ಎಂಬಿಪಿಎಸ್ ಎಂದಿಟ್ಟುಕೊಳ್ಳೋಣ. ತಂತಿಯಲ್ಲಿ 58, ಮೋಡೆಮ್ ಕೋಣೆಯ ವೈಫೈಯಲ್ಲಿ 50, ಮಗ್ಗದ ಕೋಣೆಯಲ್ಲಿ 9 ಬಂದರೆ ದೋಷ ಮೋಡೆಮ್‌ನದಲ್ಲ. ಸಂಕೇತ ಗೋಡೆಗಳಲ್ಲಿ ಸೋರಿಹೋಗುತ್ತಿದೆ. ತಂತಿಯಲ್ಲಿ 58 ಇದ್ದು ಪಕ್ಕದಲ್ಲೇ ಕುಳಿತಾಗಲೂ ವೈಫೈಯಲ್ಲಿ 20 ಮಾತ್ರ ಬಂದರೆ ವೈಫೈ ಭಾಗ ದುರ್ಬಲವಾಗಿದೆ. ತಂತಿಯಲ್ಲೇ ಮೂರು ಹೊತ್ತೂ 15 ಬಂದರೆ ಹೊರಗಿನ ತಂತಿ ಅಥವಾ ಮೋಡೆಮ್ ಪರೀಕ್ಷೆಗೆ ಅರ್ಹ. ಆಗ ಸೇವಾ ಸಂಸ್ಥೆಯ ಸಿಬ್ಬಂದಿ ತಮ್ಮ ಬಳಿಯ ಬೇರೊಂದು ಮೋಡೆಮ್ ಜೋಡಿಸಿ ತೋರಿಸುವಂತೆ ಕೇಳಬೇಕು. ಆ ಮೋಡೆಮ್‌ನಲ್ಲಿ ವೇಗ ಏರಿದರೆ ಮಾತ್ರ ಖರೀದಿಗೆ ಕಾರಣವಿದೆ. ಎಲ್ಲ ಕಡೆಯೂ 58 ಬರುತ್ತಿದ್ದು ಕೆಲಸಕ್ಕೆ ಸಾಲದಾದರೆ ಹೆಚ್ಚಿಸಬೇಕಾದುದು ಯೋಜನೆಯನ್ನು.

ವೇಗ ಸರಿಯಿದ್ದರೂ ತೆರಿಗೆ ಜಾಲತಾಣ ಮಾತ್ರ ತೆರೆಯದಿರುವ ಪ್ರಸಂಗವೂ ಉಂಟು. ಪ್ರತಿ ತಿಂಗಳ 11 ಮತ್ತು 20ನೇ ತಾರೀಖು ತೆರಿಗೆ ವಿವರ ಸಲ್ಲಿಕೆಯ ಕೊನೆಯ ದಿನಗಳಾದ್ದರಿಂದ ದೇಶದ ಉದ್ದಗಲಕ್ಕೂ ವರ್ತಕರು ಒಮ್ಮೆಗೇ ಮುಗಿಬೀಳುತ್ತಾರೆ. ಆ ದಿನ ಬೇರೆ ಜಾಲತಾಣಗಳು ಸಲೀಸಾಗಿ ತೆರೆಯುತ್ತಿದ್ದರೆ ತಡೆ ಇರುವುದು ಆ ತುದಿಯಲ್ಲಿ. ಎರಡು ದಿನ ಮುಂಚೆಯೇ ಸಲ್ಲಿಸುವುದು ಇದಕ್ಕೆ ಪರಿಹಾರ. ಯಾವ ಮೋಡೆಮ್ಮೂ ಅಲ್ಲ.

ಮಗ್ಗದ ಮನೆ, ತಗಡಿನ ಶೆಡ್ಡು

ಈ ಭಾಗದ ಕಟ್ಟಡಗಳ ಸ್ವರೂಪವೂ ವೇಗದ ಮೇಲೆ ಪರಿಣಾಮ ಬೀರುತ್ತದೆ. ದಪ್ಪನೆಯ ಕಲ್ಲಿನ ಅಥವಾ ಮಣ್ಣಿನ ಗೋಡೆಗಳು ವೈಫೈ ಸಂಕೇತವನ್ನು ಗಣನೀಯವಾಗಿ ಹೀರಿಕೊಳ್ಳುತ್ತವೆ. ತಗಡಿನ ಶೆಡ್ಡುಗಳು ಮತ್ತು ಕಬ್ಬಿಣದ ಮಗ್ಗಗಳ ಸಾಲು ಅದನ್ನು ತಡೆದು ಹಿಂದಿರುಗಿಸುತ್ತವೆ. ಇಂತಹ ಕಡೆ ಎಷ್ಟೇ ಬೆಲೆಯ ರೌಟರ್ ತಂದರೂ ಒಂದೇ ಪೆಟ್ಟಿಗೆಯಿಂದ ಇಡೀ ಆವರಣಕ್ಕೆ ಸಂಕೇತ ಒದಗಿಸುವುದು ಕಷ್ಟ. ಮೋಡೆಮ್‌ನಿಂದ ಶೆಡ್ಡಿನವರೆಗೆ ಲ್ಯಾನ್ ತಂತಿ ಎಳೆದು ಅಲ್ಲೊಂದು ಸಾಧಾರಣ ವೈಫೈ ಪೆಟ್ಟಿಗೆ ಇಡುವುದೇ ಮಿತವ್ಯಯದ ಮಾರ್ಗ. ಲ್ಯಾನ್ ತಂತಿಯು 100 ಮೀಟರಿನವರೆಗೆ ವೇಗ ಕುಗ್ಗದೆ ಕೆಲಸ ಮಾಡುತ್ತದೆ. ಬಿಲ್ಲು ಮಾಡುವ ಗಣಕಯಂತ್ರಕ್ಕಂತೂ ವೈಫೈ ನೆಚ್ಚದೆ ತಂತಿಯನ್ನೇ ಜೋಡಿಸುವುದು ಕ್ಷೇಮ.

ಮೋಡೆಮ್ ಅನ್ನು ಕಪಾಟಿನೊಳಗೆ, ತಿಜೋರಿಯ ಹಿಂದೆ, ನೆಲದ ಮೇಲೆ ಇಡಬಾರದು. ನೇಯ್ಗೆ ಕೋಣೆಯಲ್ಲಿ ಹಾರಾಡುವ ಹತ್ತಿಯ ಧೂಳು ಪೆಟ್ಟಿಗೆಯ ಗಾಳಿಕಿಂಡಿಗಳನ್ನು ಮುಚ್ಚಿದರೆ ಬೇಸಿಗೆಯ ಬಿಸಿಗೆ ಉಪಕರಣ ಕಾದು, ಮತ್ತೆ ಮತ್ತೆ ನಿಂತು ಚಾಲೂ ಆಗಬಹುದು. ತಿಂಗಳಿಗೊಮ್ಮೆ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ವಿದ್ಯುತ್ ಏರಿಳಿತವಿರುವ ಕಡೆ ಮೋಡೆಮ್‌ಗೆಂದೇ ದೊರೆಯುವ ಚಿಕ್ಕ 12 ವೋಲ್ಟ್ ಯುಪಿಎಸ್ ಉಪಯುಕ್ತ. ಕರೆಂಟು ಹೋದಾಗ ಸಂಪರ್ಕ ಕಡಿದು ಮತ್ತೆ ಕೂಡಲು ಬೇಕಾಗುವ ಐದಾರು ನಿಮಿಷಗಳನ್ನೂ ಹಲವರು ‘ನಿಧಾನದ ಅಂತರ್ಜಾಲ’ ಎಂದೇ ಎಣಿಸುತ್ತಾರೆ. ಈ ತೊಂದರೆಗೆ ಮೋಡೆಮ್ ಬದಲಾವಣೆ ಮದ್ದಲ್ಲ.

ಕಬ್ಬು ಸಾಗಣೆಯ ಹಂಗಾಮಿನಲ್ಲಿ ಮತ್ತೊಂದು ಎಚ್ಚರಿಕೆ ಬೇಕು. ರಸ್ತೆಗೆ ಅಡ್ಡಲಾಗಿ ಕೆಳಮಟ್ಟದಲ್ಲಿ ಎಳೆದ ತಂತಿಗಳು ಎತ್ತರಕ್ಕೆ ಕಬ್ಬು ಹೇರಿದ ಟ್ರ್ಯಾಕ್ಟರುಗಳಿಗೆ ಸಿಲುಕುವ ಅಪಾಯವಿರುತ್ತದೆ. ಹಂಗಾಮು ಆರಂಭವಾಗುವ ಮೊದಲೇ ತಮ್ಮ ಮನೆಗೆ ಬರುವ ತಂತಿಯನ್ನು ಎತ್ತರಿಸುವಂತೆ ಸೇವಾ ಸಂಸ್ಥೆಯನ್ನು ಒತ್ತಾಯಿಸುವುದು ಸೂಕ್ತ.

ಕೊಳ್ಳುವುದಾದರೆ ಕೇಳಬೇಕಾದ ಪ್ರಶ್ನೆಗಳು

ಪರೀಕ್ಷೆಯ ನಂತರ ಮೋಡೆಮ್ ಬದಲಾವಣೆ ಅಗತ್ಯವೆಂದು ಕಂಡುಬಂದರೂ ಅಂಗಡಿಗೆ ಹೋಗುವ ಮೊದಲು ಸೇವಾ ಸಂಸ್ಥೆಯನ್ನು ಕೆಲವು ಪ್ರಶ್ನೆ ಕೇಳಬೇಕು. ಈಗಿರುವ ಪೆಟ್ಟಿಗೆ ಯಾರ ಸ್ವತ್ತು? ಬಾಡಿಗೆ ಅಥವಾ ಠೇವಣಿಯ ಮೇಲೆ ಸಂಸ್ಥೆಯೇ ನೀಡಿದ್ದರೆ ಹಳೆಯದನ್ನು ಹಿಂದಿರುಗಿಸಿ ಹೊಸದನ್ನು ಪಡೆಯಲು ಸಾಧ್ಯವೇ? ಹೊರಗೆ ಕೊಂಡ ಪೆಟ್ಟಿಗೆಯನ್ನು ಸಂಸ್ಥೆ ಒಪ್ಪುವುದೇ? ಫೈಬರ್ ಓಎನ್‌ಟಿಯ ಕ್ರಮಸಂಖ್ಯೆಯನ್ನು ಸಂಸ್ಥೆಯ ಕೇಂದ್ರದಲ್ಲಿ ನೋಂದಾಯಿಸದಿದ್ದರೆ ಅದು ಕೆಲಸ ಮಾಡುವುದಿಲ್ಲ. ಕೇಬಲ್ ಮೋಡೆಮ್‌ಗೂ ಇಂತಹ ನೋಂದಣಿ ಬೇಕು. ಒಂದು ಸಂಸ್ಥೆಗೆ ಹೊಂದುವ ಪೆಟ್ಟಿಗೆ ಇನ್ನೊಂದಕ್ಕೆ ಹೊಂದುತ್ತದೆ ಎಂಬ ಖಾತರಿಯಿಲ್ಲ. ವೈಫೈ ರೌಟರ್‌ಗೆ ಈ ನಿರ್ಬಂಧವಿಲ್ಲ. ಅದು ಯಾವ ಸಂಪರ್ಕದ ಹಿಂದೆಯಾದರೂ ನಿಲ್ಲಬಲ್ಲದು. ಹಣ ಹೂಡುವುದಾದರೆ ರೌಟರ್‌ಗೆ ಹೂಡಿದ ಹಣ ಹೆಚ್ಚು ಕಾಲ ಬಾಳಿಕೆ ಬರುತ್ತದೆ ಎನ್ನುವುದಕ್ಕೆ ಇದೇ ಕಾರಣ.

ಹೊಸ ಪೆಟ್ಟಿಗೆಯಲ್ಲಿ ಗಿಗಾಬಿಟ್ ಲ್ಯಾನ್ ಕಿಂಡಿ ಮತ್ತು 2.4 ಹಾಗೂ 5 ಗಿಗಾಹರ್ಟ್ಸ್ ಎರಡೂ ತರಂಗಗಳಿರುವುದನ್ನು ಖಚಿತಪಡಿಸಿಕೊಳ್ಳಬೇಕು. ವೇಗ ಏರದಿದ್ದರೆ ಹಿಂದಿರುಗಿಸುವ ಅವಕಾಶವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ವ್ಯವಹಾರಕ್ಕಾಗಿ ಕೊಳ್ಳುವ ಉಪಕರಣಕ್ಕೆ ಉದ್ಯಮದ ನೋಂದಣಿ ಸಂಖ್ಯೆಯುಳ್ಳ ತೆರಿಗೆ ಬಿಲ್ಲು ಪಡೆದರೆ, ಸಾಮಾನ್ಯ ಯೋಜನೆಯಡಿ ನೋಂದಾಯಿತರಾದವರು ವ್ಯವಹಾರದ ಬಳಕೆಯ ಮಟ್ಟಿಗೆ ತೆರಿಗೆಯ ಜಮೆ ಪಡೆಯಬಹುದು. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

ಒಬ್ಬರ ದೂರು, ಹತ್ತು ಜನರ ದೂರು

ಪರೀಕ್ಷೆಯಲ್ಲಿ ದೋಷ ಹೊರಗಿನ ತಂತಿಯಲ್ಲಿ ಅಥವಾ ಬಡಾವಣೆಯ ದಟ್ಟಣೆಯಲ್ಲಿ ಕಂಡುಬಂದರೆ ಒಬ್ಬ ಗ್ರಾಹಕ ತನ್ನ ಮನೆಯೊಳಗೆ ಏನು ಬದಲಿಸಿದರೂ ಪ್ರಯೋಜನವಿಲ್ಲ. ಆಗ ಸಂಸ್ಥೆಯ ಸಹಾಯವಾಣಿಗೆ ದೂರು ನೀಡಿ ದೂರಿನ ಸಂಖ್ಯೆ ಪಡೆಯಬೇಕು. ಪರಿಹಾರ ತೃಪ್ತಿಕರವಾಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ವ್ಯವಸ್ಥೆಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಗಳು ಕಲ್ಪಿಸಿವೆ. “ನೆಟ್ ಬಹಳ ಸ್ಲೋ ಇದೆ” ಎಂಬ ಮಾತಿಗಿಂತ ದಿನಾಂಕ, ವೇಳೆ, ತಂತಿಯಲ್ಲಿ ಅಳೆದ ವೇಗ ಇರುವ ಒಂದು ಚೀಟಿಗೆ ಹೆಚ್ಚಿನ ಬೆಲೆಯಿದೆ. ಅದಕ್ಕೆ ಉತ್ತರ ಕೊಡದೆ ಸಂಸ್ಥೆ ಜಾರಿಕೊಳ್ಳುವುದು ಕಷ್ಟ.

ಒಂದೇ ಓಣಿಯ ಹತ್ತು ವರ್ತಕರು ಮೂರು ದಿನಗಳ ಇಂತಹ ಅಳತೆಗಳನ್ನು ಒಟ್ಟುಗೂಡಿಸಿ ಸಲ್ಲಿಸಿದರೆ ಅದರ ತೂಕವೇ ಬೇರೆ. ಎಲ್ಲರ ಅಂಕಿಗಳೂ ರಾತ್ರಿ ಒಂದೇ ಹೊತ್ತಿಗೆ ಕುಸಿದಿದ್ದರೆ ಅದು ಯಾವ ಒಬ್ಬರ ಮೋಡೆಮ್‌ನ ದೋಷವೂ ಅಲ್ಲವೆಂಬುದು ಕಾಗದದ ಮೇಲೆಯೇ ಸಿದ್ಧವಾಗುತ್ತದೆ. ಹೊಸ ಓಣಿಗೆ ಫೈಬರ್ ತರಿಸಿಕೊಳ್ಳುವಾಗಲೂ ಇದೇ ಮಾತು. ಹತ್ತಿಪ್ಪತ್ತು ಗ್ರಾಹಕರು ಮುಂಚಿತವಾಗಿ ಒಪ್ಪಿಗೆ ನೀಡಿದರೆ ಸಂಸ್ಥೆಗೆ ತಂತಿ ಎಳೆಯುವ ವೆಚ್ಚ ಹೊರೆಯೆನಿಸುವುದಿಲ್ಲ. ಒಬ್ಬೊಬ್ಬರಿಂದ ಆಗದ ಕೆಲಸವನ್ನು ಒಟ್ಟುಗೂಡಿ ಮಾಡಿದ ನಿದರ್ಶನವನ್ನು ಈ ಭಾಗದವರು ಹೊರಗೆಲ್ಲೋ ಹುಡುಕಬೇಕಾಗಿಲ್ಲ. ಅದು ಚಿಕ್ಕಪಡಸಲಗಿಯಲ್ಲೇ ಇದೆ.

ಒಟ್ಟಿನಲ್ಲಿ, ಮೋಡೆಮ್ ಬದಲಾವಣೆಗೆ ಸಮರ್ಥನೆ ಇರುವುದು ಮೂರು ಸಂದರ್ಭಗಳಲ್ಲಿ ಮಾತ್ರ: ಉಪಕರಣದ ಮಿತಿ ಯೋಜನೆಯ ವೇಗಕ್ಕಿಂತ ಕಡಿಮೆ ಇದ್ದಾಗ, ಬೇರೊಂದು ಮೋಡೆಮ್ ಜೋಡಿಸಿದಾಗ ಅದೇ ತಂತಿಯಲ್ಲಿ ವೇಗ ಏರಿದಾಗ, ಅಥವಾ ಉಪಕರಣ ಕೆಟ್ಟು ಪದೇ ಪದೇ ನಿಲ್ಲುತ್ತಿರುವಾಗ. ಉಳಿದ ಸಂದರ್ಭಗಳಲ್ಲಿ ಒಂದು ಲ್ಯಾನ್ ತಂತಿ, ಒಂದು ವೈಫೈ ಪೆಟ್ಟಿಗೆ, ಯೋಜನೆಯ ಬದಲಾವಣೆ ಅಥವಾ ಒಂದು ಲಿಖಿತ ದೂರು ಹೆಚ್ಚು ಫಲ ಕೊಡುತ್ತದೆ. ತೂಕ ಮಾಡದೆ ಬೆಲ್ಲದ ಪೆಂಟಿ ಕೊಳ್ಳದ ವರ್ತಕರು, ಅಳತೆ ಮಾಡದೆ ಮೋಡೆಮ್ ಕೊಳ್ಳುವ ಕಾರಣವಿಲ್ಲ.